ಬೊಟ್ಟಿಟ್ಟ ಕ್ಲಚ್ ಪ್ಲೇಟು

ಆ ಬೆಳಗ್ಗೆಯೂ ಎಂದಿನಂತೆ ಹಾಲಿನವಳು ಬರುವ ಮೊದಲೇ ಎದ್ದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಕಾಫಿ ಫಿಲ್ಟರಿಗೆ ಪುಡಿ ತುಂಬಿ ಕುದಿಯುವ ನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಗೊಂಬೆ ಸುತ್ತಿಡುವ ಕೆಲಸ. ವಿಜಯದಶಮಿ ಹಿಂದಿನ ದಿನವಷ್ಟೇ ಮುಗಿದಿತ್ತು. ಪಟ್ಟದ ಗೊಂಬೆಗಳನ್ನು ಆಗಲೇ ಮಲಗಿಸಿದ್ದೆವು. ಈಗ ಒಂದೊಂದನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ಸೇರಿಸಬೇಕು. ರಾಣಿಗೊಂಬೆಯ ಮೂಗಿನ ತುದಿಯ ಬಣ್ಣ ಆ ವರ್ಷ ಸ್ವಲ್ಪ ಎದ್ದಿತ್ತು. ಅದನ್ನು ಬೆರಳಿನಿಂದ ಸವರುತ್ತಾ ಕೂತಿದ್ದೆ. ಪಕ್ಕದ ಮನೆಯಲ್ಲಿ ಒರಳುಕಲ್ಲು ಗುಡುಗುಡು ತಿರುಗುತ್ತಿತ್ತು.

ಪಕ್ಕದ ಮನೆಯಾಕೆ ನನಗಿಂತ ಬಹಳ ಹಿರಿಯರು. ಹಿನಕಲ್ಲಿನ ಬೇಸಾಯದ ಮನೆತನ. ಗಂಡ ದೇವರಾಜ ಮೊಹಲ್ಲಾದಲ್ಲಿ ಬೆಲ್ಲದ ಅಂಗಡಿ ಇಟ್ಟ ಮೇಲೆ ಪೇಟೆಗೆ ಬಂದವರು. ಅವರ ಅಡುಗೆಮನೆಯ ಕಿಟಕಿ ನಮ್ಮ ಕಾಂಪೌಂಡು ಗೋಡೆಯ ಕಡೆಗೆ ತೆರೆದುಕೊಳ್ಳುತ್ತಿತ್ತು. ಬೆಳಗಾದರೆ ಅವರ ಒರಳಿನ ಸದ್ದು, ನನ್ನ ಪಾತ್ರೆಯ ಸದ್ದು. ನಾವಿಬ್ಬರೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ಇದ್ದೆವು.

ನನ್ನ ಮನಸ್ಸು ಮಾತ್ರ ಗೊಂಬೆಯಲ್ಲಿರಲಿಲ್ಲ. ಅಂದು ಮಧ್ಯಾಹ್ನ ಮೂರು ಗಂಟೆಗೆ ನನ್ನ ಲೈಸೆನ್ಸ್ ಪರೀಕ್ಷೆ. ಇಸ್ತ್ರಿ ಮಾಡಿದ ಹಸಿರು ನೂಲಿನ ಸೀರೆಯನ್ನು ಕುರ್ಚಿಯ ಮೇಲೆ ಹಾಕಿಟ್ಟಿದ್ದೆ. ಅದರ ಕೆಳಗೆ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಪಟ್ಟಿಯಿಲ್ಲದ ಚಪ್ಪಲಿ ಪೆಡಲಿನ ಮೇಲೆ ಜಾರುತ್ತದೆ ಎಂದು ಹೇಳಿಕೊಟ್ಟವರು ನನ್ನ ತಂದೆ.

ಕಾರೂ ತಂದೆಯದೇ. ವೈದ್ಯರಾಗಿದ್ದರು. ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಅದರಲ್ಲೇ ಹೋಗಿಬರುತ್ತಿದ್ದರು. ನಾನು ಕಾನ್ವೆಂಟ್ ಮುಗಿಸಿ ಮದುವೆಗೆ ಕಾಯುತ್ತಿದ್ದ ದಿನಗಳಲ್ಲಿ ಹಿನಕಲ್ ಕಡೆಯ ರಸ್ತೆಯಲ್ಲಿ, ಎತ್ತಿನ ಗಾಡಿಗಳು ಏಳುವ ಮೊದಲೇ, ನನ್ನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ತಾವು ಪಕ್ಕದಲ್ಲಿ ಕೂರುತ್ತಿದ್ದರು. ಸಾಯುವ ಮುಂಚೆ ಕಾರನ್ನು ನನಗೆ ಬಿಟ್ಟುಹೋದರು. ಅಳಿಯನಿಗಲ್ಲ, ನನಗೆ. ನಮ್ಮವರು ಕಾಲೇಜಿನಲ್ಲಿ ಪಾಠ ಹೇಳುವವರು. ದಪ್ಪ ಕನ್ನಡಕ, ಡ್ರೈವಿಂಗಿನ ಗೋಜಿಗೆ ಹೋದವರಲ್ಲ. ಹೀಗಾಗಿ ಕಾರು ನಮ್ಮ ಮನೆಯ ಮುಂದೆ ಸುಮ್ಮನೆ ನಿಂತಿತ್ತು. ಅದು ಸುಮ್ಮನೆ ನಿಂತಿರುವುದು ಭಾವನವರಿಗೆ, ಅಂದರೆ ನಮ್ಮವರ ಅಣ್ಣನಿಗೆ, ಸಹಿಸುತ್ತಿರಲಿಲ್ಲ.

ಭಾವನವರ ಮನೆ ಚಾಮರಾಜಪುರಂನಲ್ಲಿ. ಎಣ್ಣೆ ಗಿರಣಿಯೊಂದರಲ್ಲಿ ಯಂತ್ರಗಳ ಮೇಲ್ವಿಚಾರಣೆ ಅವರದು. ಲೈಸೆನ್ಸ್ ಇತ್ತು, ಕಾರಿರಲಿಲ್ಲ. ಯುಗಾದಿ ಊಟಕ್ಕೆ ಬಂದವರು ಹೋಳಿಗೆ ಮುರಿಯುತ್ತಾ, "ನೋಡಮ್ಮ, ದಸರಾ ಮುಗಿಯೋ ಹೊತ್ತಿಗೆ ನಿನಗೆ ಲೈಸೆನ್ಸ್ ಬಂತೋ, ಗಾಡಿ ಇಲ್ಲೇ ಇರ್ಲಿ. ಬರ್ಲಿಲ್ವೋ, ನಮ್ಮನೇಲಿರ್ಲಿ. ಎಂಜಿನ್ನು ತುಕ್ಕು ಹಿಡಿದುಹೋದ್ರೆ ನಿಮ್ಮಪ್ಪನ ಆತ್ಮಕ್ಕೇ ನೋವು ಕಣಮ್ಮ" ಎಂದರು. ನಮ್ಮವರು ತಲೆಯಾಡಿಸಿದರು. ಅತ್ತೆ ತಲೆಯಾಡಿಸಿದರು. ನನ್ನ ಕಾರು ನನ್ನ ಹತ್ತಿರವೇ ಇರುವುದಕ್ಕೆ ನಾನು ಪರೀಕ್ಷೆ ಕೊಡಬೇಕಾಗಿ ಬಂದದ್ದು ಹೀಗೆ. ಆಗ ನಾನು ತುಪ್ಪ ಬಡಿಸುತ್ತಿದ್ದೆ. ಇನ್ನೊಂದು ಚಮಚ ಬಡಿಸಿ ಒಳಗೆ ಹೋದೆ.

ದಸರಾಕ್ಕೆ ಮುಂಚೆ, ಪರೀಕ್ಷೆಗೆಂದು ನಾನು ಅಭ್ಯಾಸ ಮಾಡುತ್ತಿದ್ದಾಗ, ಕ್ಲಚ್ ಜಾರತೊಡಗಿತು. ಎಂಜಿನ್ ಕೂಗುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಮೆಕ್ಯಾನಿಕ್ ಒಬ್ಬರು ಮನೆಗೇ ಬಂದು, ಗಾಡಿಯನ್ನು ದಿಮ್ಮಿಗಳ ಮೇಲೆ ಏರಿಸಿ, ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟನ್ನು ಹೊರತೆಗೆದರು. ದೋಸೆ ಕಾವಲಿಗಿಂತ ಚಿಕ್ಕದಾದ ಒಂದು ತಟ್ಟೆ ಅದು. ಅಂಚಿನ ಸುತ್ತ ಎರಡೂ ಕಡೆ ಬಿಲ್ಲೆಯಂಥ ಲೈನಿಂಗು, ಒಳಗೆ ಪುಟ್ಟ ಸ್ಪ್ರಿಂಗುಗಳು, ನಟ್ಟನಡುವೆ ತೂತಿರುವ ಗುಬುಟು. ಆ ಗುಬುಟು ಒಂದು ಕಡೆ ಉಬ್ಬಿಕೊಂಡಿತ್ತು, ಇನ್ನೊಂದು ಕಡೆ ಹೆಚ್ಚುಕಡಿಮೆ ಸಪಾಟು. ಉಬ್ಬಿದ ಕಡೆ ಗೇರ್‌ಬಾಕ್ಸಿನತ್ತ, ಅಂದರೆ ಹಿಂದಕ್ಕೆ ಮುಖಮಾಡಿ ಕೂತಿತ್ತು. ಗೇರ್‌ಬಾಕ್ಸ್ ಸರಿದ ತಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ಆ ಉಬ್ಬೇ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಗೊಂಬೆ ಕೂರಿಸುವ ಮನೆಯ ಹೆಂಗಸಿಗೆ ಯಾವುದು ಯಾವ ಕಡೆ ನೋಡುತ್ತಿತ್ತು ಎನ್ನುವುದು ತಾನಾಗಿ ನೆನಪಿರುತ್ತದೆ.

ಮೆಕ್ಯಾನಿಕ್ಕು ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸಿ ತಂದುಕೊಟ್ಟು, ಹಬ್ಬಕ್ಕೆ ಊರಿಗೆ ಹೋಗಿಬರುತ್ತೇನೆಂದು ಹೋದರು. ಮರುದಿನ ಆಯುಧಪೂಜೆ. ಅತ್ತೆ ಮನೆಯ ಕತ್ತರಿ, ಈಳಿಗೆಮಣೆ, ನಮ್ಮವರ ಪೆನ್ನು, ಮೆಕ್ಯಾನಿಕ್ ಬಿಟ್ಟುಹೋದ ಸ್ಪ್ಯಾನರುಗಳು ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿದರು. ಕ್ಲಚ್ ಪ್ಲೇಟೂ ಬಂತು.

"ಇದಕ್ಕೂ ಬೊಟ್ಟಿಡೇ. ಗಾಡಿ ಹೃದಯ ಇದ್ದಂಗಂತೆ ಇದು. ಗಂಧ ತುಂಬಾ ಬಳಿ."

"ಅತ್ತೆ, ಲೈನಿಂಗಿಗೆ ಏನೂ ಹತ್ತಬಾರದಂತೆ. ನಡುವೆ ಮಾತ್ರ ಇಡ್ತೀನಿ."

ಉಬ್ಬಿದ ಕಡೆ ಮೇಲಾಗಿ ಇಟ್ಟಿದ್ದರಿಂದ ಆ ಉಬ್ಬಿನ ಮೇಲೆ ಕುಂಕುಮವಿಟ್ಟೆ. ಚೆನ್ನಾಗಿಯೇ ಕಾಣಿಸಿತು, ಹಣೆಯ ಮೇಲಿಟ್ಟ ಹಾಗೆ.

ಏಕಾದಶಿಯ ಆ ಬೆಳಗ್ಗೆ, ಮೆಕ್ಯಾನಿಕ್ ಇನ್ನೂ ಊರಿಂದ ಬಂದಿರಲಿಲ್ಲ, ಭಾವನವರು ಬಂದರು. ಅತ್ತೆಗೆ ಉಪವಾಸ. ಗಂಡಸರಿಬ್ಬರಿಗೂ ಉಪ್ಪಿಟ್ಟು ಮಾಡಿದ್ದೆ. "ಮೆಕ್ಯಾನಿಕ್ ಯಾಕಮ್ಮ ಇದಕ್ಕೆ? ಗಿರಣಿ ಎಂಜಿನ್ನೇ ಬಿಚ್ಚಿ ಜೋಡ್ಸಿದೀನಿ. ಮಧ್ಯಾಹ್ನದೊಳಗೆ ಗಾಡಿ ರೆಡಿ. ನಿನ್ ಪಕ್ಕದಲ್ಲಿ ಕೂತ್ಕೊಂಡು ನಾನೇ ಕರ್ಕೊಂಡೋಗ್ತೀನಿ, ಬಿಡು" ಎಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಉಪ್ಪಿಟ್ಟಿಗೆ ಇನ್ನಷ್ಟು ಗೋಡಂಬಿ ಹಾಕಿದೆ. ಆ ಗೋಡಂಬಿಯ ಬಗ್ಗೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಅಣ್ಣತಮ್ಮ ಗೋಣಿಚೀಲ ಹಾಸಿಕೊಂಡು ಕಾರಿನ ಬಳಿ ಕೂತರು. ಸ್ವಲ್ಪ ಹೊತ್ತಿಗೆ ಭಾವನವರು, "ಏನಮ್ಮಾ, ಒಂದು ಲಟ್ಟಣಿಗೆ ಕೊಡು!" ಎಂದು ಕೂಗಿದರು. ಪ್ಲೇಟನ್ನು ಸರಿಯಾಗಿ ನಡುವಿಗೆ ತರಲು ಅದರ ತೂತಿನಲ್ಲಿ ಒಂದು ಕೋಲು ತೂರಿಸಿ ಹಿಡಿಯಬೇಕಂತೆ. ಹಾಗೆ ಹಿಡಿದು, ಮೇಲಿನ ಮುಚ್ಚಳದ ಬೋಲ್ಟುಗಳನ್ನು ಬಿಗಿಮಾಡಬೇಕಂತೆ. ನನ್ನ ಲಟ್ಟಣಿಗೆಯ ತುದಿ ಸಣ್ಣಗಿತ್ತು. ತಾಯಿ ಕೊಟ್ಟ ಲಟ್ಟಣಿಗೆ ಅದು. ಕೊಟ್ಟೆ.

ಕಾಫಿ ತೆಗೆದುಕೊಂಡು ಹೋದಾಗ ಭಾವನವರು ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಕುಂಕುಮ ಇನ್ನೂ ಹಸನಾಗಿತ್ತು. ಅವರು ಕುಂಕುಮದ ಕಡೆಯನ್ನು ಎಂಜಿನ್ನಿನ ಕಡೆಗೆ ತಿರುಗಿಸಿದರು.

"ಭಾವ, ಅದು ತಿರುಗುಮುರುಗಾಯ್ತು. ಉಬ್ಬಿರೋ ಕಡೆ ಹಿಂದಕ್ಕೆ ಇತ್ತು. ಬಿಚ್ಚಿದಾಗ ನಾನು ನೋಡಿದೀನಿ."

"ಬೊಟ್ಟು ಯಾವ ಕಡೆ ಇದೆ?"

"ಉಬ್ಬಿನ ಮೇಲೆ."

"ಮತ್ತೆ? ಬೊಟ್ಟಿಟ್ಟಿದ್ದು ಮುಖ. ಮುಖ ಮುಂದಕ್ಕಿರ್ಬೇಕೋ, ಹಿಂದಕ್ಕಿರ್ಬೇಕೋ? ಪೂಜೆ ಮಾಡಿರೋದನ್ನ ಬೆನ್ನು ತಿರುಗ್ಸಿ ಕೂರಿಸ್ತಾರೇನಮ್ಮ?"

"ಬೊಟ್ಟು ನಾನಿಟ್ಟಿದ್ದು ಭಾವ. ಲೈನಿಂಗಿಗೆ ತಾಗಬಾರದು ಅಂತ ಅಲ್ಲಿಟ್ಟೆ. ಅಷ್ಟೆ. ಅದು ಮುಖ ಅಂತ ಅಲ್ಲ."

ಜಗಲಿಯ ಮೇಲೆ ಜಪಮಾಲೆ ಹಿಡಿದು ಕೂತಿದ್ದ ಅತ್ತೆ ಮಣಿ ನಿಲ್ಲಿಸಿ, "ಅವನು ಹೇಳೋದು ಸರಿಯಾಗೇ ಇದೆ. ಹೊರಡೋ ಗಾಡೀಲಿ ಕುಂಕುಮ ಹಿಂದಕ್ಕೆ ನೋಡ್ಬಾರ್ದು" ಎಂದರು.

"ಅಲ್ಲಮ್ಮ," ಭಾವನವರು ನಕ್ಕರು, "ಕಾನ್ವೆಂಟಿನಲ್ಲಿ ಕಸೂತಿ ಜೊತೆ ಕ್ಲಚ್ಚೂ ಹೇಳಿಕೊಟ್ರಾ? ಹೋಗು, ಹಾಲು ಉಕ್ಕೀತು."

ನಾನು ನಮ್ಮವರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಗಂಡಸಿಗೆ ಉತ್ತರ ಬೇಡವಾದಾಗ ಕನ್ನಡಕ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಅಂದು ತಿಳಿಯಿತು. "ರೀ, ನೀವಾದ್ರೂ ಹೇಳಿ. ಪ್ಲೇಟು ತಿರುಗುಮುರುಗಾಗಿದೆ" ಎಂದೆ. "ಅಣ್ಣನಿಗೆ ಗೊತ್ತಿರುತ್ತೆ ಕಣೆ" ಎಂದರು. ಭಾವನವರು ಆಗಲೇ ಲಟ್ಟಣಿಗೆ ತೂರಿಸಿ ಬೋಲ್ಟು ಬಿಗಿಯುತ್ತಿದ್ದರು. "ಏನೋ ಗೊಣಗ್ತಾ ಇದಾಳಪ್ಪ ನಿನ್ನ ಹೆಂಡ್ತಿ. ಕೇಳ್ಸೋದೇ ಇಲ್ಲ."

ಕೇಳಿಸುವುದಿಲ್ಲ. ಅಡುಗೆಮನೆಗೆ ಬಂದು ಅದನ್ನೇ ನೆನೆದುಕೊಂಡೆ. ಕಾನ್ವೆಂಟಿನಲ್ಲಿ ನಮಗೊಬ್ಬ ಸಿಸ್ಟರ್ ಇದ್ದರು. ನಾವು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ತುಟಿಯ ಮೇಲೆ ಬೆರಳಿಟ್ಟು ಕಾಯುತ್ತಾ ನಿಲ್ಲುತ್ತಿದ್ದರು. ನಮ್ಮ ಧ್ವನಿ ನಮ್ಮ ಡೆಸ್ಕನ್ನು ದಾಟಬಾರದು, ಅಷ್ಟೇ ಅವರ ಕಾನೂನು. ಅದು ನನ್ನ ಗಂಟಲಲ್ಲಿ ಕೂತುಬಿಟ್ಟಿತ್ತು. ಮದುವೆಯಾದ ಹೊಸದರಲ್ಲಿ ಈ ಮನೆಯಲ್ಲಿ ಎಲ್ಲರೂ ಅದನ್ನು ಹೊಗಳಿದ್ದರು, ಸೊಸೆಯ ದನಿ ಬಾಗಿಲಾಚೆ ಕೇಳುವುದಿಲ್ಲ ಎಂದು. ಈಗ ಅದೇ ದನಿಯ ಮೇಲೆ ನನಗೆ ಸಿಟ್ಟು ಬಂತು. ಸರಿಯಾಗಿ ಕೂಗಿ ಹೇಳಬೇಕಿತ್ತು, ಗಂಟಲು ಬಿಟ್ಟು ಹೇಳಬೇಕಿತ್ತು, ಅವರಿಗೆ ಕೇಳಿಸಲಿಲ್ಲ ಎಂದರೆ ನಾನು ಹೇಳಿದ್ದೇ ಸಾಲದು. ಹಾಲಿನ ಪಾತ್ರೆಯನ್ನು ಇಕ್ಕಳದಿಂದ ಇಳಿಸಿದಾಗ ಒಲೆಯ ಮೇಲೆ ಹಾಲು ಚೆಲ್ಲಿತು. ಸುಟ್ಟ ಹಾಲಿನ ವಾಸನೆ ಮನೆಯೆಲ್ಲ ತುಂಬಿತು. ಪಕ್ಕದಲ್ಲಿ ಒರಳು ತಿರುಗುತ್ತಲೇ ಇತ್ತು.

ಗೇರ್‌ಬಾಕ್ಸ್ ಏರಿಸುವುದಕ್ಕೆ ಇಬ್ಬರೂ ಬಹಳ ಒದ್ದಾಡಿದರು. "ಎತ್ತೋ, ಎತ್ತೋ, ಅಯ್ಯೋ ನನ್ ಬೆರಳು, ಇಳ್ಸೋ!" ಎನ್ನುವುದು ನನಗೆ ಅಡುಗೆಮನೆಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಗಡಿಯಾರ ಹನ್ನೆರಡು ಹೊಡೆಯುವ ವೇಳೆಗೆ ಗಾಡಿಯನ್ನು ದಿಮ್ಮಿಯಿಂದ ಇಳಿಸಿದರು. ಲಟ್ಟಣಿಗೆ ವಾಪಸ್ಸು ಬಂತು, ತುದಿ ಕರಿಬಣ್ಣ. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ.

ಭಾವನವರು ಎಂಜಿನ್ ಶುರುಮಾಡಿ, ಕ್ಲಚ್ ತುಳಿದು, ಗೇರ್ ಹಾಕಹೋದರು. ಗರ್ರ್ ಎಂದು ಹಲ್ಲು ಕಡಿಯುವ ಸದ್ದು. ಮತ್ತೆ ತುಳಿದರು. ಮತ್ತೆ ಗರ್ರ್. ಕ್ಲಚ್ ಬಿಡಿಸಿಕೊಳ್ಳುತ್ತಲೇ ಇರಲಿಲ್ಲ. "ಹೊಸ ಲೈನಿಂಗ್ ಅಲ್ವಾ, ಬಿಗಿ ಇರುತ್ತೆ. ಎಂಜಿನ್ ಆಫ್ ಮಾಡಿ, ಗೇರ್ ಹಾಕ್ಕೊಂಡೇ ಸ್ಟಾರ್ಟ್ ಮಾಡ್ತೀನಿ ನೋಡು" ಎಂದರು. ನಾನು ಜಗಲಿಯಿಂದ "ಬೇಡ ಭಾವ" ಎಂದೆ. ಅದೂ ಕೇಳಿಸಲಿಲ್ಲವೇನೋ. ಕೀಲಿ ತಿರುಗಿಸಿದ್ದೇ ತಡ, ಕಾರು ಬೆದರಿದ ಕರುವಿನ ಹಾಗೆ ನೆಗೆದು ಹೋಗಿ ಕಾಂಪೌಂಡು ಗೋಡೆಗೆ ಮೂತಿ ತಾಗಿಸಿ ನಿಂತಿತು. ಗೋಡೆಯ ಮೇಲೆ ಪಕ್ಕದ ಮನೆಯಾಕೆ ಮೊರದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯೆಲ್ಲ ಎರಡೂ ಕಡೆ ಚೆಲ್ಲಿತು. ಅತ್ತೆ "ಶಿವ ಶಿವಾ" ಎಂದರು. ಮುಂದಿನ ದೀಪದ ಗಾಜು ಬಿರುಕುಬಿಟ್ಟಿತ್ತು. ಆ ದೀಪವನ್ನು ತಂದೆ ದಿನಾ ಬೆಳಗ್ಗೆ ತಮ್ಮ ಕರ್ಚೀಫಿನಿಂದಲೇ ಒರೆಸುತ್ತಿದ್ದರು.

ಭಾವನವರು ಇಳಿದು ಕೈ ಒರೆಸಿಕೊಂಡರು. "ಆ ಮೆಕ್ಯಾನಿಕ್ಕೇ ಕೆಡಿಸಿಟ್ಟಿದಾನೆ ಕಣೋ. ಸ್ಪ್ರಿಂಗ್ ಹೋಗಿದೆ. ಊಟ ಆಗ್ಲಿ, ಆಮೇಲೆ ನೋಡೋಣ. ಏನಮ್ಮ, ಎಲೆ ಹಾಕ್ತೀಯಾ?"

ನಾನು ಒಳಗೆ ಹೋದೆ. ಸಾರಿನ ಪಾತ್ರೆಗೆ, ಅನ್ನದ ಪಾತ್ರೆಗೆ, ಪಲ್ಯದ ಬಾಣಲೆಗೆ ಒಂದೊಂದಾಗಿ ಮುಚ್ಚಳ ಹಾಕಿದೆ. ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದೆ. ಅಡುಗೆಮನೆಯ ಬಾಗಿಲು ಎಳೆದುಕೊಂಡು ಹೊಸ್ತಿಲ ಮೇಲೆ ಕೂತೆ. ಆ ಮನೆಯಲ್ಲಿ ನಾನು ಹಾಗೆ ಕೂತದ್ದು ಅದೇ ಮೊದಲು. ನನಗೆ ಅಳು ಬರಲಿಲ್ಲ, ಅದೊಂದು ಪುಣ್ಯ.

ನಮ್ಮವರು ಬಂದು ನಿಂತರು. "ಯಾಕೆ, ಊಟ..."

"ಗೇರ್‌ಬಾಕ್ಸ್ ಇಳಿಸಿ. ಪ್ಲೇಟು ತಿರುಗಿಸಿ ಹಾಕಿ. ಆಮೇಲೆ ಊಟ."

"ಅಣ್ಣ ಏನಂದ್ಕೋತಾನೆ?"

"ಏನು ಬೇಕಾದರೂ ಅಂದುಕೊಳ್ಳಲಿ. ಗಂಟೆ ನೋಡಿ."

ಅವರು ಗಂಟೆ ನೋಡಿದರು, ನನ್ನನ್ನು ನೋಡಿದರು. ಹೊರಗೆ ಹೋದರು. ಕಿಟಕಿಯಿಂದ ನನಗೆ ಅವರ ಮಾತು ಕೇಳಿಸಿತು. "ಅಣ್ಣ, ನನಗೊಂದು ಅನುಮಾನ. ಪ್ಲೇಟು ಹಿಂದುಮುಂದಾಗಿರಬಹುದಾ ಅಂತ ಈಗ ಹೊಳೀತು. ಒಂದ್ಸಲ ಬಿಚ್ಚಿ ನೋಡೋಣ್ವಾ?" ಈಗ ಹೊಳೆಯಿತಂತೆ! ಭಾವನವರು ಸ್ಪ್ಯಾನರ್ ಕೈಗೆತ್ತಿಕೊಂಡು, "ನಾನೂ ಅದನ್ನೇ ಯೋಚ್ನೆ ಮಾಡ್ತಿದ್ದೆ ಕಣೋ. ಒಳ್ಳೆ ತಲೆ ಓಡಿಸ್ದೆ" ಎಂದರು.

ಮತ್ತೆ ದಿಮ್ಮಿ, ಮತ್ತೆ ಗೋಣಿಚೀಲ. ಗೇರ್‌ಬಾಕ್ಸ್ ಇಳಿಯುವ ವೇಳೆಗೆ ಎರಡು ದಾಟಿತ್ತು. ಪ್ಲೇಟು ಹೊರಬಂದಾಗ ನಾನೂ ಹೋಗಿ ಬಗ್ಗಿ ನೋಡಿದೆ. ಉಬ್ಬಿನ ಮೇಲಿನ ಕುಂಕುಮ ಇರಲಿಲ್ಲ. ಲೋಹ ತೀಡಿ ಹೊಳೆಯುತ್ತಿತ್ತು. ಒಳಗೆ ಎಂಜಿನ್ನಿನ ಚಕ್ರದ ನಡುವೆ ಇದ್ದ ಬೋಲ್ಟುಗಳ ತಲೆಗೆಲ್ಲ ಕೆಂಪು ಮೆತ್ತಿಕೊಂಡಿತ್ತು. ಕ್ಲಚ್ ತುಳಿದಾಗಲೂ ಗುಬುಟು ಅಲ್ಲಿಗೇ ಒತ್ತಿಕೊಂಡು ನಿಂತಿತ್ತು, ಬಿಡಿಸಿಕೊಳ್ಳುವುದಕ್ಕೆ ಜಾಗವೇ ಇರಲಿಲ್ಲ. ಭಾವನವರು ಚಿಂದಿಬಟ್ಟೆಯಿಂದ ಬೋಲ್ಟಿನ ಕುಂಕುಮವನ್ನು ಒರೆಸಿ, ಕಣ್ಣಿಗೊತ್ತಿಕೊಂಡು, ಪ್ಲೇಟನ್ನು ತಿರುಗಿಸಿ ಹಿಡಿದರು. "ಲಟ್ಟಣಿಗೆ ತಾಮ್ಮ." ತಂದುಕೊಟ್ಟೆ.

ಪ್ಲೇಟು ಸರಿಯಾಗಿ ಕೂತ ಮೇಲೆ ಊಟ ಬಡಿಸಿದೆ. ನಾನು ಮಾತಿಗೆ ತಪ್ಪುವವಳಲ್ಲ. ತಿನ್ನುವಾಗ ಭಾವನವರು ಸಾರು ಚೆನ್ನಾಗಿದೆ ಎಂದರು. ನಡುಮನೆಯ ಗಡಿಯಾರ ಮೂರು ಹೊಡೆಯಿತು. ನಾನು ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದೆ. ಊರಿನ ಇನ್ನೊಂದು ಕಡೆ ಅಧಿಕಾರಿ ನನ್ನ ಹೆಸರು ಕೂಗಿ, ಯಾರೂ ಬರದೆ, ಮುಂದಿನವರನ್ನು ಕರೆದಿರಬೇಕು. ಪರೀಕ್ಷೆಗೆ ಗಾಡಿ ನಾವೇ ತರಬೇಕು. ಬರಿಗೈಯಲ್ಲಿ ಹೋಗಿ ಪ್ರಯೋಜನವಿರಲಿಲ್ಲ. ಕೋಣೆಯಲ್ಲಿ ಹಸಿರು ಸೀರೆ ಮಡಿಕೆ ಮುರಿಯದೆ ಕುರ್ಚಿಯ ಮೇಲಿತ್ತು.

"ಮುಂದಿನ ಸಲ ಹೋದ್ರಾಯ್ತು ಬಿಡಮ್ಮ" ಎಂದರು ಭಾವನವರು, ಇನ್ನೊಂದಿಷ್ಟು ಮಜ್ಜಿಗೆಗೆ ಕೈಯೊಡ್ಡಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾರು ಸರಿಹೋಯಿತು. ಕ್ಲಚ್ ಎಷ್ಟು ಮೃದುವಾಗಿತ್ತೆಂದರೆ ಗೇರ್ ಬಿದ್ದದ್ದೇ ಕೇಳಿಸಲಿಲ್ಲ. ಭಾವನವರು ಗೇಟಿನವರೆಗೆ ಒಮ್ಮೆ ಹೋಗಿಬಂದು, ಕಿಟಕಿಯಿಂದ ತಲೆ ಹೊರಹಾಕಿ, "ಸರಿ, ಹೊರಡ್ತೀನಿ. ದಸರಾ ಮುಗೀತಲ್ಲ. ಲೈಸೆನ್ಸ್ ಬರೋವರ್ಗೂ ಗಾಡಿ ನಮ್ಮನೇಲೇ ಇರ್ಲಿ, ಮಾತಾಡ್ಕೊಂಡ ಹಾಗೆ. ನಿಂಗೇ ಒಳ್ಳೇದು, ಕೆಡದೆ ಇರುತ್ತೆ" ಎಂದರು.

"ಭಾವ, ಕಾರು ಇಲ್ಲೇ ಇರಲಿ" ಎಂದೆ.

"ಆಂ?" ಎಂದರು. ಕೈಯನ್ನು ಕಿವಿಯ ಹತ್ತಿರ ತಂದು ನಕ್ಕರು. ಕಾರು ಹೊರಟಿತು. ನಮ್ಮವರು ಗೇಟು ಹಾಕಿ, ನನ್ನ ಕಡೆ ನೋಡದೆ ಒಳಗೆ ಹೋದರು. ಅತ್ತೆ ತುಳಸಿಗೆ ದೀಪವಿಟ್ಟರು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದು ಉಳಿದಿತ್ತು. ಗಟ್ಟಿಯಾಗಿ ಹೇಳಿದ್ದರೆ, ಬೆಳಗ್ಗೆಯೇ ಗಟ್ಟಿಯಾಗಿ ಹೇಳಿದ್ದರೆ ಎಂದು ನನ್ನನ್ನೇ ಬೈದುಕೊಳ್ಳುತ್ತಾ, ಚೆಲ್ಲಿದ್ದ ಮೆಣಸಿನಕಾಯಿ ಆರಿಸಲು ಗೋಡೆಯ ಬಳಿ ಹೋದೆ.

ಗೋಡೆಯಾಚೆ ಪಕ್ಕದ ಮನೆಯಾಕೆಯೂ ಕೂತು ಆರಿಸುತ್ತಿದ್ದರು. ನಾನು ಕೊಟ್ಟ ಮೆಣಸಿನಕಾಯಿಯನ್ನು ಮೊರಕ್ಕೆ ಸುರಿದುಕೊಂಡು, ಮಣ್ಣು ಊದುತ್ತಾ, ತಲೆಯೆತ್ತದೆಯೇ ಕೇಳಿದರು:

"ಅಲ್ಲ ಕಣಮ್ಮ, ತಟ್ಟೆ ತಿರುಗುಮುರುಗಾಗ್ಯದೆ ಅಂತ ನೀನು ಬೆಳಗ್ಗೇನೇ ಅಂದ್ಯಲ್ಲ, ನಾನು ಒಳ್ಳು ತಿರುಗುಸ್ತಿದ್ದೆ, ಅಂಗಿದ್ರೂ ನಮ್ಮಡಿಗೆಮನೆಗಂಟ ಕೇಳುಸ್ತು. ಪಕ್ದಲ್ಲೇ ಕುಂತಿದ್ರಲ್ಲ, ಅವ್ರಿಗೆ ಕೇಳುಸ್ನಿಲ್ವಾ?"